ಗೋಡೆಯ ಕ್ಯಾಲೆಂಡರ್, ಗದ್ದೆಯ ಪಂಚಾಂಗ: ಸೊರಬ ಸೀಮೆಯ ಜಾತ್ರೆಯ ವರ್ಷ

ಸೊರಬ, ಶಿಕಾರಿಪುರದ ಕಡೆ ಜಾತ್ರೆ, ತೇರು, ಆಟ, ನಾಟಕ ನೋಡಲು ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು? ಬೆಂಗಳೂರಿನಲ್ಲಿ ರಜೆ ಹಾಕಿ, ಟಿಕೆಟ್ ಕಾದಿರಿಸಿ ಹೊರಡುವವರು ಮೊದಲು ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಗೋಡೆಯ ಮೇಲಿನ ಕ್ಯಾಲೆಂಡರಿನ ದಪ್ಪ ಅಂಕಿಗಳಲ್ಲಿ ಸಿಗುವುದಿಲ್ಲ. ಆ ಅಂಕಿಗಳ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ತಿಥಿಗಳಲ್ಲಿ ಸಿಗುತ್ತದೆ. ಹೋದ ವರ್ಷ ಇದೇ ತಾರೀಖಿಗೆ ನೋಡಿದ್ದೆವು ಎಂದು ಈ ವರ್ಷವೂ ಅದೇ ತಾರೀಖಿಗೆ ಬಂದಿಳಿದವರು ಖಾಲಿ ಬಯಲು ನೋಡಿಕೊಂಡು ಹಿಂತಿರುಗಬೇಕಾದೀತು.

ಲೆಕ್ಕ ಸರಳವಾದದ್ದೇ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಹೀಗಾಗಿ ಹಬ್ಬಗಳು ಪ್ರತಿವರ್ಷ ಹನ್ನೊಂದು ದಿನದಷ್ಟು ಮುಂಚಿತವಾಗಿ ಬರುತ್ತಾ ಹೋಗುತ್ತವೆ. ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಅವನ್ನು ಮತ್ತೆ ಹಿಂದಕ್ಕೆ ತಳ್ಳುತ್ತದೆ. 2025ರಲ್ಲಿ ದೀಪಾವಳಿ ಅಕ್ಟೋಬರ್ ಮೂರನೆಯ ವಾರದಲ್ಲೇ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದು ನವೆಂಬರ್ ಎರಡನೆಯ ವಾರದ ಹತ್ತಿರಕ್ಕೆ ಹೋಗುತ್ತದೆ. ಅಧಿಕ ಮಾಸವೇ ಇರದಿದ್ದರೆ ಕೆಲವೇ ದಶಕಗಳಲ್ಲಿ ದೀಪಾವಳಿ ಆಷಾಢದ ಮಳೆಯಲ್ಲಿ ನೆನೆಯಬೇಕಾಗುತ್ತಿತ್ತು. ಹಬ್ಬ ತನ್ನ ಋತುವನ್ನು ಬಿಟ್ಟು ಹೋಗಬಾರದೆಂಬುದೇ ಈ ಏರ್ಪಾಡಿನ ಉದ್ದೇಶ. ಮಲೆನಾಡಿನ ಅಂಚಿನ ಈ ಎರಡು ತಾಲ್ಲೂಕುಗಳಲ್ಲಿ ಋತು ಎಂದರೆ ಮುಖ್ಯವಾಗಿ ಮಳೆ ಮತ್ತು ಭತ್ತ.

ಮಳೆ ಹಾಕಿದ ವೇಳಾಪಟ್ಟಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊರಬದ ಗದ್ದೆಗಳಲ್ಲಿ ಕೆಸರು, ದಾರಿಗಳಲ್ಲೂ ಕೆಸರು. ಉಳುಮೆ, ಸಸಿ ನೆಡುವುದು, ಕಳೆ ಕೀಳುವುದು ಎಲ್ಲವೂ ಈ ನಾಲ್ಕು ತಿಂಗಳಲ್ಲಿ. ಆಗ ದೊಡ್ಡ ತೇರೂ ಇಲ್ಲ, ಬಯಲಾಟವೂ ಇಲ್ಲ. ಕಾರ್ತಿಕದ ನಂತರ ಕೊಯ್ಲು. ಪುಷ್ಯ, ಮಾಘದ ಹೊತ್ತಿಗೆ ಒಕ್ಕಲು ಮುಗಿದು ಕೈಯಲ್ಲಿ ನಾಲ್ಕು ಕಾಸು, ಗಾಡಿ ಹೊಡೆಯಲು ಒಣ ದಾರಿ. ಜಾತ್ರೆಗಳು ಸಾಲುಗಟ್ಟುವುದು ಆಗಲೇ, ಜನವರಿಯಿಂದ ಏಪ್ರಿಲ್‌ವರೆಗೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರು ಚೈತ್ರ ಮಾಸದ್ದು.

ಊರಿನವರಷ್ಟೇ ಅಲ್ಲ, ಹೊರಗಿನವರೂ ಈ ವೇಳಾಪಟ್ಟಿಗೆ ತಲೆಬಾಗಿದವರೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪನಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಬೆಳೆ, ಜನ, ವ್ಯಾಪಾರದ ವಿವರ ತರಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಆತ ಶಿರಸಿ, ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳನ್ನು ಹಾದುಹೋದದ್ದು 1801ರ ಮಾರ್ಚ್‌ನಲ್ಲಿ. ಮಳೆಗಾಲದಲ್ಲಿ ಹೊರಟಿದ್ದರೆ ಅವನ ಎತ್ತುಗಳು ಘಟ್ಟ ಹತ್ತುತ್ತಿದ್ದುದು ಅನುಮಾನ.

ಇನ್ನೂ ಹಿಂದಕ್ಕೆ ಹೋದರೆ ಶಾಸನಗಳಿವೆ. ಲೂಯಿಸ್ ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರ, ಎಂಟನೆಯದರಲ್ಲಿ (1904) ಸೊರಬ ತಾಲ್ಲೂಕಿನ ಶಾಸನಗಳಿವೆ. ಹಾಳೆ ತಿರುವಿದರೆ ದಾನ ಕೊಟ್ಟ ದಿನಗಳೆಲ್ಲ ಉತ್ತರಾಯಣ ಸಂಕ್ರಮಣ, ಗ್ರಹಣ, ಹುಣ್ಣಿಮೆ, ಅಮಾವಾಸ್ಯೆ. ಪುಣ್ಯದಿನ ಎಂಬುದು ಒಂದು ಕಾರಣ. ಅಂಥ ದಿನ ಜನ ಸೇರಿರುತ್ತಾರೆ, ಕೊಟ್ಟದ್ದಕ್ಕೆ ಸಾಕ್ಷಿ ಇರುತ್ತದೆ ಎಂಬುದು ಇನ್ನೊಂದು ಕಾರಣ ಇದ್ದಿರಬೇಕು. ಬಳ್ಳಿಗಾವಿಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ಚೈತ್ರ ಪವಿತ್ರ'. ಚೈತ್ರ ವಸಂತದ ಉತ್ಸವ. ಪವಿತ್ರ ಮಳೆಗಾಲದಲ್ಲಿ ದೇವರಿಗೆ ನೂಲಿನ ಹಾರ ಏರಿಸುವ ವಿಧಿ. ಎರಡಕ್ಕೂ ಖರ್ಚಿಗೆಂದು ಭೂಮಿ ಬಿಟ್ಟುಕೊಟ್ಟಿದ್ದಾರೆ. ಒಂಬೈನೂರು ವರ್ಷದ ಹಿಂದೆಯೇ ಇಲ್ಲಿನ ದೇವಾಲಯಗಳು ವರ್ಷವನ್ನು ಒಣ ದಿನ, ಹಸಿ ದಿನ ಎಂದು ಎರಡು ತುದಿಗಳಲ್ಲಿ ಹಿಡಿದಿದ್ದವು ಎನ್ನಬಹುದು.

ಬಳ್ಳಿಗಾವಿ ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಿ ಹೊರಡುವವರೇ ಹೆಚ್ಚು. ಆದರೆ ಕೇದಾರೇಶ್ವರಕ್ಕೆ ಸೇರಿದ ಕೋಡಿಯಮಠದ 1162ರ ಶಾಸನವನ್ನು ಪ್ರವಾಸಿಗರು ವಿಶೇಷವಾಗಿ ಗಮನಿಸಬೇಕು. ಆ ಮಠ ವೇದ, ವ್ಯಾಕರಣ, ದರ್ಶನಗಳ ಓದಿನ ಕೇಂದ್ರವಾಗಿತ್ತು, ರೋಗಿಗಳಿಗೆ ಔಷಧಿ ಕೊಡುತ್ತಿತ್ತು ಎಂಬುದು ಪಠ್ಯಪುಸ್ತಕಗಳಲ್ಲೂ ಬಂದಿದೆ. ಅಷ್ಟಾಗಿ ಬಾರದಿರುವುದು ಅಲ್ಲಿ ಅನ್ನ ಪಡೆಯುತ್ತಿದ್ದವರ ಪಟ್ಟಿ. ದೀನರು, ಅನಾಥರು, ಕುರುಡರು, ಕಿವುಡರ ಜೊತೆಯಲ್ಲೇ ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕೊಳಲೂದುವವರು, ಕುಣಿಯುವವರು ಆ ಪಟ್ಟಿಯಲ್ಲಿದ್ದಾರೆ. ಊರೂರು ತಿರುಗುವ ಕಲಾವಿದರಿಗೆ ದಾರಿಯ ಮೇಲೊಂದು ಊಟದ ಮನೆ ಇತ್ತೆಂದು ಅರ್ಥ. ಮದ್ದಳೆ ಬಾರಿಸುತ್ತಿದ್ದನೆಂದು ಹರಿಹರ ಚಿತ್ರಿಸುವ ಅಲ್ಲಮಪ್ರಭು ಈ ಬಳ್ಳಿಗಾವಿಯವನು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಮಾರಿ ಜಾತ್ರೆ: ಆರು ವರ್ಷಕ್ಕೊಮ್ಮೆ ಎರಡೂ

ಸೊರಬದ ಒಂದು ಬದಿಗೆ ಶಿರಸಿ, ಇನ್ನೊಂದು ಬದಿಗೆ ಸಾಗರ. ಈ ಸೀಮೆಯ ಎರಡು ದೊಡ್ಡ ಜಾತ್ರೆಗಳು ಅಲ್ಲಿನವೇ, ಎರಡೂ ಮಾರಿಕಾಂಬೆಯದೇ. ಆದರೆ ಇವು ಪ್ರತಿವರ್ಷ ನಡೆಯುವುದಿಲ್ಲ. ಶಿರಸಿಯದು ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಶಿರಸಿಯಲ್ಲಿ 2022, 2024, 2026. ಸಾಗರದಲ್ಲಿ 2020, 2023, 2026. ಹೀಗೆ ಎರಡೂ ಒಂದೇ ವರ್ಷ ಸಿಗುವುದು ಆರು ವರ್ಷಕ್ಕೊಮ್ಮೆ. 2020ರಲ್ಲಿ ಹಾಗಾಗಿತ್ತು. 2026ರಲ್ಲಿ ಸಾಗರಕ್ಕೆ ಫೆಬ್ರುವರಿ ಮೊದಲ ಭಾಗ, ಶಿರಸಿಗೆ ಫೆಬ್ರುವರಿ ಕೊನೆಯ ವಾರ ಗೊತ್ತಾಯಿತು. ಕ್ರಮ ತಪ್ಪದಿದ್ದರೆ ಮುಂದಿನ ಜೋಡಿ 2032ರಲ್ಲಿ.

ಎರಡೂ ಕಡೆ ಜಾತ್ರೆ ಶುರುವಾಗುವುದು ಮಂಗಳವಾರ, ಒಂಬತ್ತು ದಿನ ನಡೆಯುತ್ತದೆ. ಶಿರಸಿಯಲ್ಲಿ ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ತೇರು. ಆಮೇಲೆ ದೇವಿ ಬಿಡಕಿ ಬಯಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಸಾಗರದಲ್ಲಿ ದೇವಿಗೆ ತವರುಮನೆ ಒಂದು ಗುಡಿ, ಗಂಡನ ಮನೆ ಇನ್ನೊಂದು ಗುಡಿ. ಊರಿನವರು ಅವನ್ನು ಕರೆಯುವುದೇ ಆ ಹೆಸರಿನಿಂದ. ಇಲ್ಲೊಂದು ವಿಷಯ ಪ್ರವಾಸಿಗರಿಗೆ ಗೊತ್ತಿರಬೇಕು. ಶಿರಸಿಯಲ್ಲಿ ಜಾತ್ರೆ ಮುಗಿದೊಡನೆ ಮೂರ್ತಿಯನ್ನು ವಿಸರ್ಜಿಸುತ್ತಾರೆ. ಮತ್ತೆ ಪ್ರತಿಷ್ಠೆ ಯುಗಾದಿಯಂದು. ನೂಕುನುಗ್ಗಲು ಕಳೆಯಲಿ, ಆಮೇಲೆ ನಿಧಾನವಾಗಿ ದರ್ಶನ ಮಾಡೋಣ ಎಂದು ಜಾತ್ರೆಯ ಮರುವಾರ ಬಂದವರಿಗೆ ಗುಡಿಯಲ್ಲಿ ದೇವಿಯೇ ಇರುವುದಿಲ್ಲ.

ಜಾತ್ರೆಯ ಬಯಲಿನಲ್ಲಿ ಬಳೆ, ಬೆಂಡು ಬತ್ತಾಸು, ತೊಟ್ಟಿಲು, ಸರ್ಕಸ್ಸು ಎಲ್ಲ ಇರುತ್ತದೆ. ಜೊತೆಗೆ ನಾಟಕದ ಡೇರೆ. ವೃತ್ತಿ ಕಂಪನಿಗಳು ವರ್ಷದ 'ಕ್ಯಾಂಪು' ಹಾಕಿಕೊಳ್ಳುತ್ತಿದ್ದುದೇ ಜಾತ್ರೆಗಳ ಪಟ್ಟಿ ಹಿಡಿದು: ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಅಲ್ಲಿಂದ ಮುಂದಿನ ಜಾತ್ರೆ, ಫಾಲ್ಗುಣಕ್ಕೆ ಶಿರಸಿ. ಹಬ್ಬದ ದಿನ ನೋಡಿ ಪ್ರಯಾಣ ಗೊತ್ತುಮಾಡುವ ವಿದ್ಯೆಯಲ್ಲಿ ಕಂಪನಿ ಮಾಲೀಕರನ್ನು ಮೀರಿಸಿದ ಪ್ರವಾಸಿ ಇರಲಾರ. ಒಂದು ಜಾತ್ರೆಯ ಲೆಕ್ಕ ತಪ್ಪಿದರೆ ಇಡೀ ತಂಡ ಉಪವಾಸ.

ನಾಟಕವೆಂದ ಮೇಲೆ ಸಾಗರ ತಾಲ್ಲೂಕಿನ ಹೆಗ್ಗೋಡನ್ನು ಬಿಡುವಂತಿಲ್ಲ. 1949ರಲ್ಲಿ ಹುಟ್ಟಿದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ ಅಡಿಕೆ ತೋಟಗಳ ನಡುವಿನ ಹಳ್ಳಿಯನ್ನು ರಂಗಭೂಮಿಯ ಊರನ್ನಾಗಿ ಮಾಡಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1985ರಲ್ಲಿ ಆರಂಭವಾದ 'ತಿರುಗಾಟ' ಹೊರಡುವುದೂ ಮಳೆ ಹಿಂದೆ ಸರಿದ ಮೇಲೆಯೇ. ಅಕ್ಟೋಬರ್ ಆಸುಪಾಸಿನ ಸಂಸ್ಕೃತಿ ಶಿಬಿರಕ್ಕೆ ಬಂದವರು ಹೊಸ ನಾಟಕಗಳನ್ನು ಅಲ್ಲೇ ನೋಡಬಹುದು. ಆದರೆ ಶಿಬಿರಕ್ಕೆ ಮೊದಲೇ ಹೆಸರು ಕೊಟ್ಟಿರಬೇಕು. ಯಕ್ಷಗಾನ ಮೇಳಗಳ ಗೆಜ್ಜೆ ದನಿ ಕೇಳುವುದು ದೀಪಾವಳಿಯಿಂದ ಮೇ ತಿಂಗಳವರೆಗೆ.

ಬನವಾಸಿಯ ಕದಂಬೋತ್ಸವದ ಮಾತು ಬೇರೆ. ಅದು ಸರ್ಕಾರದ ಉತ್ಸವ. ಪಂಪ ಕವಿ ಹಂಬಲಿಸಿದ ಊರಿನಲ್ಲಿ ವಸಂತ ಕಾಲಿಡುವ ಹೊತ್ತಿಗೆ ಸಂಗೀತ, ನೃತ್ಯ, ವಿಚಾರಗೋಷ್ಠಿ ಏರ್ಪಡಿಸುವುದು ಸೊಗಸಾದ ಕಲ್ಪನೆಯೇ. ಆದರೆ ಅದರ ದಿನ ತಿಥಿ ನೋಡಿ ನಿಲ್ಲುವುದಿಲ್ಲ. ಬಜೆಟ್ಟು, ಚುನಾವಣೆ, ಮಂತ್ರಿಗಳ ಬಿಡುವು ನೋಡಿ ನಿಲ್ಲುತ್ತದೆ. ಮಾರಿ ಜಾತ್ರೆಯ ವರ್ಷವನ್ನು ಆರು ವರ್ಷ ಮೊದಲೇ ಹೇಳಬಹುದು, ಕದಂಬೋತ್ಸವದ ದಿನವನ್ನು ಆರು ವಾರ ಮೊದಲು ಹೇಳುವುದೂ ಕಷ್ಟ.

ನೋಡುಗರ ಪ್ರಶ್ನೆ

ಚಂದ್ರಗುತ್ತಿ ಸೊರಬ ತಾಲ್ಲೂಕಿನ ಬೆಟ್ಟದೂರು. ಮೇಲೆ ಹಳೆಯ ಕೋಟೆ, ಬಂಡೆಯ ಗವಿಯಲ್ಲಿ ರೇಣುಕಾಂಬೆ. ಮಾರ್ಚ್ ಆಸುಪಾಸಿನ ಜಾತ್ರೆಗೆ ದೂರದ ಜಿಲ್ಲೆಗಳಿಂದ ಭಕ್ತರು ಬರುತ್ತಾರೆ. ಹಿಂದೆ ಇಲ್ಲಿ ಹರಕೆ ಹೊತ್ತವರು, ಅವರಲ್ಲೂ ಹೆಂಗಸರು, ವರದಾ ನದಿಯಲ್ಲಿ ಮಿಂದು ಮೈಮೇಲೆ ಬಟ್ಟೆಯಿಲ್ಲದೆ ಗುಡಿಯವರೆಗೆ ಹೋಗುವ ಬೆತ್ತಲೆ ಸೇವೆ ನಡೆಯುತ್ತಿತ್ತು. ಬಹುಪಾಲು ಹರಕೆದಾರರು ಬಡವರು, ಕೆಳಜಾತಿಯವರು. ಪತ್ರಿಕೆಗಳಲ್ಲಿ ಫೋಟೋಗಳು ಬಂದವು. ಅದರ ಹಿಂದೆಯೇ ದೇವಿಗಾಗಿ ಅಲ್ಲ, ಹೆಂಗಸರನ್ನು ನೋಡುವುದಕ್ಕಾಗಿಯೇ ಬರುವವರ ಗುಂಪೂ ಬೆಳೆಯಿತು.

1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಈ ಪದ್ಧತಿಯನ್ನು ತಡೆಯಲು ಅಲ್ಲಿ ಸೇರಿದರು. ಮನವೊಲಿಕೆ ಮುರಿದುಬಿತ್ತು, ಜನ ಉದ್ರೇಕಗೊಂಡರು. ಕಾರ್ಯಕರ್ತರು, ಪೊಲೀಸರು, ಪತ್ರಕರ್ತರ ಮೇಲೆ ಹಲ್ಲೆ ನಡೆಯಿತು. ಪೊಲೀಸರನ್ನು, ಮಹಿಳಾ ಪೊಲೀಸರನ್ನೂ ಬಿಡದೆ, ವಿವಸ್ತ್ರಗೊಳಿಸಿ ಮೆರವಣಿಗೆ ಮಾಡಿದರು. ದೇಶದ ಪತ್ರಿಕೆಗಳಲ್ಲೆಲ್ಲ ಚಂದ್ರಗುತ್ತಿಯ ಹೆಸರು ಬಂದದ್ದು ಆಗಲೇ. ಸರ್ಕಾರ ನ್ಯಾಯಮೂರ್ತಿ ಚನ್ನಬಸಪ್ಪನವರ ನೇತೃತ್ವದಲ್ಲಿ ವಿಚಾರಣೆಗೆ ಸಮಿತಿ ನೇಮಿಸಿತು. ಮುಂದೆ ಬೆತ್ತಲೆ ಸೇವೆ ನಿಷೇಧವಾಯಿತು.

ಆ ಘಟನೆಯನ್ನು ಮೂಢನಂಬಿಕೆ ಮತ್ತು ಸುಧಾರಣೆಯ ಜಗಳವೆಂದು ಹೇಳಿ ಮುಗಿಸುವುದು ರೂಢಿ. ಅದು ನಿಜ, ಆದರೆ ಪೂರ್ತಿ ಅಲ್ಲ. ಅಲ್ಲಿ ಮೂರನೆಯ ಪಕ್ಷವೊಂದು ಇತ್ತು: ನೋಡುಗರು. ಹರಕೆಯನ್ನು ಒಂದು ದೃಶ್ಯವನ್ನಾಗಿ ಮಾಡಿದವರು ಅವರು. ಭಕ್ತರ ಸಿಟ್ಟು ಕ್ಯಾಮೆರಾ ಹಿಡಿದವರ ಮೇಲೂ ತಿರುಗಿದ್ದು ಆಕಸ್ಮಿಕವೇ ಇರಲಾರದು. ಪದ್ಧತಿ ನಿಲ್ಲಬೇಕಾಗಿತ್ತು, ನಿಂತದ್ದು ಒಳ್ಳೆಯದೇ ಆಯಿತು. ಆದರೆ ಜಾತ್ರೆ ಪಟ್ಟಿಯಲ್ಲಿ ಚಂದ್ರಗುತ್ತಿಯನ್ನು ಬರೆದುಕೊಳ್ಳುವ ಪ್ರವಾಸಿ, ತಾನು ಆ ಮೂರನೆಯ ಪಕ್ಷದ ವಾರಸುದಾರ ಎಂಬುದನ್ನು ಮರೆಯಬಾರದು. ಈಗ ಜಾತ್ರೆ ಉಡಿ ತುಂಬುವುದು, ಹಣ್ಣುಕಾಯಿ, ಹರಕೆ ಸಲ್ಲಿಸುವುದರೊಂದಿಗೆ ಪೊಲೀಸ್ ಬಂದೋಬಸ್ತಿನಲ್ಲಿ ನಡೆಯುತ್ತದೆ. ಕೋಟೆ ಹತ್ತಿ ನೋಡುವ ಆಸೆಯಿದ್ದವರು ಜಾತ್ರೆಯ ದಿನ ಬಿಟ್ಟು ಬೇರೆ ದಿನ ಹೋಗುವುದು ಅನುಕೂಲ.

ಇದಕ್ಕೆ ಪೂರಾ ವಿರುದ್ಧ, ನೋಡುಗರೇ ಬೇಡವಾದ ಹಬ್ಬವೂ ಇದೇ ಸೀಮೆಯಲ್ಲಿದೆ. ಆಶ್ವಯುಜದ ಹುಣ್ಣಿಮೆಯಂದು, ಭತ್ತ ಹೊಡೆ ತುಂಬಿ ನಿಂತಾಗ, ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆ. ಬಸುರಿಗೆ ಬಯಕೆಯ ಊಟ ಹಾಕುವಂತೆ ಬಸುರಾದ ಭೂಮಿಗೆ ಊಟ. ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ. ಬೆಳಕು ಹರಿಯುವ ಮುಂಚೆ ಆ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಪೈರಿಗೆ ಪೂಜೆ ಮಾಡಿ, ಗದ್ದೆ ತುಂಬ ಚರಗ ಬೀರಿ, ಮನೆಯವರೆಲ್ಲ ಅಲ್ಲೇ ಕೂತು ಉಣ್ಣುತ್ತಾರೆ. ಟಿಕೆಟ್ಟಿಲ್ಲ, ವೇದಿಕೆಯಿಲ್ಲ. ಕರೆದರೆ ಮಾತ್ರ ಹೋಗಬೇಕು. ಬುಟ್ಟಿಯ ಚಿತ್ತಾರಕ್ಕೆ ಈಗ ನಗರದ ಕಲಾ ಪ್ರದರ್ಶನಗಳಲ್ಲಿ ಬೆಲೆ ಬಂದಿದೆ. ಆದರೆ ಪ್ರದರ್ಶನದ ಬುಟ್ಟಿಯಲ್ಲಿ ಊಟ ಇರುವುದಿಲ್ಲ.

ಪ್ರದರ್ಶನವೆಂದಾಗ ಸೊರಬದ ಗುಡಿಗಾರರ ನೆನಪು ಬರಬೇಕು. ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬಹುವಾಗಿ ಹೊಗಳಿದ್ದಾರೆ. ಆದರೆ ಅವರ ಕೆಲಸಕ್ಕೂ ಋತುವಿತ್ತು: ಭಾದ್ರಪದಕ್ಕೆ ಮಣ್ಣಿನ ಗಣಪತಿ, ಮದುವೆಯ ಕಾಲಕ್ಕೆ ಬೆಂಡಿನ ಬಾಸಿಂಗ. ಕೆತ್ತಿದ ಪೆಟ್ಟಿಗೆಗಳು ಊರಿನಲ್ಲಿ ಉಳಿಯುತ್ತಿದ್ದುದು ಕಡಿಮೆ, ಕೊಳ್ಳುವವರು ಇದ್ದುದು ಮೈಸೂರು, ಬೆಂಗಳೂರಿನಲ್ಲಿ.

ಹೋರಿಯ ಓಟ

ದೀಪಾವಳಿಯ ಬಲಿಪಾಡ್ಯಮಿಯಂದು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹಾರ ಕಟ್ಟಿ ಪೂಜೆ ಮಾಡುವುದು ಎಲ್ಲ ಕಡೆ ಇದ್ದದ್ದೇ. ಅಂದಿನ ರಾತ್ರಿಗಳಲ್ಲಿ ಗಂಡಸರ ತಂಡಗಳು ದೀಪ ಹಿಡಿದು, ಅದು ಆರದಂತೆ ಕಾಯುತ್ತಾ, ಮನೆಮನೆಗೆ ಹೋಗಿ ಹಾಡುವ ಅಂಟಿಗೆ ಪಂಟಿಗೆ ಮಲೆನಾಡಿನ ಸೊಗಸು. ಸೊರಬ, ಶಿಕಾರಿಪುರ ಮತ್ತು ಪಕ್ಕದ ಹಾವೇರಿ ಸೀಮೆಯಲ್ಲಿ ಇದರ ಜೊತೆಗೆ ಇನ್ನೊಂದು ಉಂಟು: ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿಯ ಸರ, ಬೆನ್ನಿಗೆ ಜೂಲು, ಬಣ್ಣದ ಬಲೂನು. ಅಖಾಡದಲ್ಲಿ ಅದನ್ನು ಬಿಟ್ಟಾಗ ಯುವಕರು ಮೇಲೆರಗಿ ಕೊಬ್ಬರಿ ಹರಿಯಬೇಕು, ಹೋರಿ ಯಾರಿಗೂ ಸಿಗದೆ ಓಡಬೇಕು. ಕೊಬ್ಬರಿ ಬಿಡದ ಹೋರಿಗೆ ಸಿನಿಮಾ ನಟರಷ್ಟೇ ಹೆಸರು, ಕೆಲವಕ್ಕೆ ನಟರ ಹೆಸರೇ. ದೀಪಾವಳಿಗೆ ಶುರುವಾದದ್ದು ಊರಿಂದೂರಿಗೆ ಹಬ್ಬಿ ತಿಂಗಳುಗಟ್ಟಲೆ ನಡೆಯುತ್ತದೆ.

ಸೊರಬ ಸೀಮೆಯ ವೀರಗಲ್ಲುಗಳಲ್ಲಿ ತುರುಗೊಳ್ ಕಾಳಗದ, ಎಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರ ಚಿತ್ರಗಳಿವೆ. ಅವಕ್ಕೂ ಹೋರಿ ಹಬ್ಬಕ್ಕೂ ನಂಟು ಹಾಕಿ ಸಾವಿರ ವರ್ಷದ ಇತಿಹಾಸ ಹೇಳುವುದು ಸುಲಭ, ಕೇಳಲೂ ಚೆನ್ನ. ಆದರೆ ಕಲ್ಲು ಹೇಳುವುದು ಕಳವು, ಜಗಳ, ಸಾವಿನ ಸಂಗತಿಯನ್ನು, ಆಟದ ಸಂಗತಿಯನ್ನಲ್ಲ.

ಹಬ್ಬ ಸ್ಪರ್ಧೆಯಾದದ್ದೇ ಈಗಿನ ಕಷ್ಟದ ಮೂಲ. ಹಿಂದೆ ಊರ ಹೋರಿ, ಊರ ಹುಡುಗರು, ಅಂಚಿನಲ್ಲಿ ನಿಂತ ಊರ ಜನ. ಈಗ ಬೈಕು, ಚಿನ್ನದ ಬಹುಮಾನ, ದೂರದೂರದಿಂದ ಲಾರಿಯಲ್ಲಿ ಬಂದಿಳಿಯುವ ಹೋರಿಗಳು, ಅಖಾಡದ ಎರಡೂ ಬದಿಗೆ ಸಾವಿರಾರು ಜನ. ಅಷ್ಟು ಜನರ ಕೂಗಿಗೆ ಬೆದರಿದ ಹೋರಿ ಎತ್ತ ನುಗ್ಗುತ್ತದೆಂದು ಹೇಳುವವರಿಲ್ಲ. ಕೊಬ್ಬರಿಗೆ ಕೈಹಾಕಿದವರಲ್ಲ, ಬರಿದೆ ನೋಡಲು ನಿಂತವರೂ ಸತ್ತಿದ್ದಾರೆ. 2022ರ ದೀಪಾವಳಿಯ ಬಳಿಕವೂ ಶಿವಮೊಗ್ಗ ಜಿಲ್ಲೆಯಲ್ಲಿ ಇಂಥ ಸಾವುಗಳಾದವು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮುಂತಾದವನ್ನು ನಿಷೇಧಿಸಿತು. ರಾಜ್ಯ ಸರ್ಕಾರ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕರ್ನಾಟಕದ ತಿದ್ದುಪಡಿ ಹೆಸರಿಸುವುದು ಕಂಬಳವನ್ನು, ಎತ್ತುಗಳ ಮತ್ತು ಗಾಡಿಗಳ ಓಟವನ್ನು. ಹೋರಿ ಹಬ್ಬ ನೋಡಲೇಬೇಕೆಂದು ಹೊರಟವರು ಅನುಮತಿ ಪಡೆದ, ಗಟ್ಟಿ ಬೇಲಿ ಹಾಕಿದ ಅಖಾಡಕ್ಕೆ ಹೋಗಬೇಕು. ಬೇಲಿಯ ಹೊರಗೆ, ಆದಷ್ಟು ಎತ್ತರದ ಜಾಗದಲ್ಲಿ ನಿಲ್ಲಬೇಕು. ಮಕ್ಕಳನ್ನು ಕರೆದೊಯ್ಯದಿರುವುದು ಲೇಸು.

ಹೀಗೆ ನೋಡಿದರೆ ಹೊರಗಿನವರಿಗೆ ಎರಡು ಸುತ್ತು ಅನುಕೂಲ. ಒಂದು, ಅಕ್ಟೋಬರಿನಲ್ಲಿ ಹೆಗ್ಗೋಡಿಗೆ ಬಂದು ದೀಪಾವಳಿಯವರೆಗೆ ಇರುವುದು. ಇನ್ನೊಂದು, ಫೆಬ್ರುವರಿ, ಮಾರ್ಚ್‌ನಲ್ಲಿ ಮಾರಿ ಜಾತ್ರೆ ಇರುವ ವರ್ಷ ನೋಡಿ ಬಂದು, ಬಳ್ಳಿಗಾವಿ, ತಾಳಗುಂದದ ಕದಂಬರ ಸ್ತಂಭಶಾಸನ, ಕುಬಟೂರಿನ ಕೈಟಭೇಶ್ವರ ಗುಡಿ, ಬನವಾಸಿಗಳನ್ನು ಸೇರಿಸಿಕೊಳ್ಳುವುದು. ಸೊರಬಕ್ಕೆ ರೈಲಿಲ್ಲ, ಸಾಗರದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಜಾತ್ರೆಯ ದಿನಗಳಲ್ಲಿ ಶಿರಸಿಯ ವಸತಿಗೃಹಗಳಲ್ಲಿ ಕೋಣೆ ಸಿಗುವುದು ದುರ್ಲಭ. ಅಲ್ಲಿನವರು ಹಿಂದಿನಿಂದಲೂ ನಂಬಿದ್ದು ನೆಂಟರ ಮನೆಯನ್ನೇ.

ಮಳೆಗಾಲದಲ್ಲಿ ಬರಲೇಬೇಕಾದವರಿಗೆ ಗುಡವಿ ಇದೆ. ಸೊರಬದಿಂದ ಹದಿನೈದು, ಹದಿನಾರು ಕಿಲೋಮೀಟರ್ ದೂರದ ಈ ಕೆರೆಗೆ ಜೂನ್ ಮಳೆ ಬಿದ್ದ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಬಂದು, ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ನವೆಂಬರ್ ಹೊತ್ತಿಗೆ ಮರಿಗಳೊಂದಿಗೆ ಹೊರಟುಹೋಗುತ್ತವೆ. ಊರಿನ ಜಾತ್ರೆಗಳೆಲ್ಲ ನಿಂತ ಮೇಲೆ ನಡೆಯುವ ಜಾತ್ರೆ ಇದು. ವೀಕ್ಷಣಾ ಗೋಪುರ ಹತ್ತಲು ಬೆಳಗಿನ ಹೊತ್ತು, ಇಲ್ಲವೆ ಸಂಜೆ ಒಳ್ಳೆಯದು. ಕೊಡೆಯ ಜೊತೆಗೆ ಉಂಬಳಕ್ಕೆಂದು ಒಂದಿಷ್ಟು ಸುಣ್ಣವೋ ಉಪ್ಪೋ ಚೀಲದಲ್ಲಿರಲಿ.